ಆಕಾಶದಿಂದ ಆಳ್ವಿಕೆ: ವಸಾಹತುಗಳ ಮೇಲಿನ ವೈಮಾನಿಕ ಪಹರೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ವೈಮಾನಿಕ ಪಹರೆ ಎಂದರೇನು? ಯುದ್ಧದ ಬಾಂಬ್ ದಾಳಿಗೂ ಇದಕ್ಕೂ ಏನು ವ್ಯತ್ಯಾಸ?

ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ತಮ್ಮ ಕೆಲವು ವಸಾಹತುಗಳಲ್ಲೂ ಗಡಿ ಪ್ರದೇಶಗಳಲ್ಲೂ ಒಂದು ಹೊಸ ಪದ್ಧತಿ ತಂದರು. ಕಂದಾಯ ಕಟ್ಟದ, ದಾರಿಯಲ್ಲಿ ಕಾರವಾನ್ ದೋಚಿದ, ಅಪರಾಧಿಗಳನ್ನು ಒಪ್ಪಿಸದ ಬುಡಕಟ್ಟುಗಳ ಮೇಲೆ ಕಾಲಾಳು ಸೈನ್ಯ ಕಳಿಸುವ ಬದಲು ವಿಮಾನ ಕಳಿಸುವುದು. ಇದನ್ನು ಅವರು ‘ಏರ್ ಕಂಟ್ರೋಲ್’ ಎಂದು ಕರೆದರು. ಯುದ್ಧದಲ್ಲಿ ಎದುರಿಗೆ ಇನ್ನೊಂದು ರಾಜ್ಯದ ಸೈನ್ಯವಿರುತ್ತದೆ. ಇಲ್ಲಿ ಗುರಿಯಾದವರು, ಕಾಗದದ ಮೇಲಾದರೂ, ಅದೇ ಸರ್ಕಾರದ ರಕ್ಷಣೆಯಲ್ಲಿದ್ದ ಜನ. ಅವರ ಹಳ್ಳಿ, ಹೊಲ, ದನಕರು, ಕಾಲುವೆ ಇವೇ ಗುರಿ. ಜನರನ್ನು ಕೊಲ್ಲುವುದಕ್ಕಿಂತ ಅವರ ಬದುಕನ್ನು ನಡೆಯದಂತೆ ಮಾಡಿ ಮಣಿಸುವುದು ಉದ್ದೇಶವೆಂದು ಅಧಿಕಾರಿಗಳು ಹೇಳುತ್ತಿದ್ದರು. ಆಚರಣೆಯಲ್ಲಿ ಎರಡೂ ನಡೆದವು.

ಮೊದಲು ಇದು ಎಲ್ಲಿ ಶುರುವಾಯಿತು?

ವಿಮಾನದಿಂದ ಬಾಂಬು ಬಿದ್ದ ಮೊದಲ ನೆಲವೇ ವಸಾಹತು ಮಾಡಿಕೊಳ್ಳಲು ಹೊರಟಿದ್ದ ನೆಲ. 1911ರ ನವೆಂಬರ್ 1ರಂದು ಇಟಲಿಯ ಪೈಲಟ್ ಜೂಲಿಯೊ ಗವೊತ್ತಿ ಲಿಬಿಯಾದ ಐನ್ ಜಾರಾ ಮತ್ತು ತಜೂರಾ ಬಳಿ ನಾಲ್ಕು ಸಣ್ಣ ಬಾಂಬುಗಳನ್ನು ಕೈಯಿಂದಲೇ ಎಸೆದ.

ಪದ್ಧತಿಯಾಗಿ ಬೆಳೆದದ್ದು 1919-20ರಲ್ಲಿ. ಮೂರನೇ ಆಂಗ್ಲೋ-ಅಫ್ಘಾನ್ ಯುದ್ಧದಲ್ಲಿ, 1919ರ ಮೇ 24ರಂದು, ನಾಲ್ಕು ಎಂಜಿನ್‌ಗಳ ಒಂದೇ ಒಂದು ಹ್ಯಾಂಡ್ಲಿ ಪೇಜ್ ವಿಮಾನ ಪರ್ವತ ದಾಟಿ ಹೋಗಿ ಕಾಬೂಲಿನ ಮೇಲೆ ಬಾಂಬು ಹಾಕಿ ಬಂತು. ಲಂಡನ್ನಿನ ಮೇಲೆ ಜರ್ಮನರ ಜೆಪ್ಲಿನ್‌ಗಳು ಬಾಂಬು ಹಾಕಿದಾಗ ಅನಾಗರಿಕವೆಂದು ಖಂಡಿಸಿದವರು ಈಗ ಅದನ್ನೇ ಮಾಡುತ್ತಿದ್ದಾರಲ್ಲ ಎಂದು ಅಮೀರ್ ಅಮಾನುಲ್ಲಾ ವೈಸರಾಯ್‌ಗೆ ಬರೆದ. ಆ ಮಾತಿಗೆ ಸರಿಯಾದ ಉತ್ತರ ಮುಂದಿನ ಇಪ್ಪತ್ತು ವರ್ಷಗಳಲ್ಲೂ ಬರಲಿಲ್ಲ.

ಮರುವರ್ಷ ಸೊಮಾಲಿಲ್ಯಾಂಡ್. ಇಪ್ಪತ್ತು ವರ್ಷಗಳಿಂದ ಬ್ರಿಟಿಷರಿಗೆ ಮಣಿಯದಿದ್ದ ಸಯ್ಯಿದ್ ಮೊಹಮ್ಮದ್ ಅಬ್ದುಲ್ಲಾ ಹಸನ್‌ನ ದರ್ವೇಶ್ (ಆತನ ಅನುಯಾಯಿಗಳ ಹೆಸರು) ಕೋಟೆಗಳ ಮೇಲೆ 1920ರ ಜನವರಿ 21ರಿಂದ ಹನ್ನೆರಡು ಡಿ.ಎಚ್.9 ವಿಮಾನಗಳ ತುಕಡಿ ದಾಳಿ ಮಾಡಿತು. ಮೂರು ವಾರಗಳಲ್ಲಿ ದರ್ವೇಶರ ಬಲ ಮುರಿಯಿತು. ಖರ್ಚು 77,000 ಪೌಂಡ್ ಎಂದು ಲೆಕ್ಕ ಕೊಟ್ಟರು. ಈ ಅಂಕಿ ಲಂಡನ್ನಿನಲ್ಲಿ ಮಾಡಿದ ಪರಿಣಾಮ ಬಾಂಬುಗಳು ಮರುಭೂಮಿಯಲ್ಲಿ ಮಾಡಿದ್ದಕ್ಕಿಂತ ದೊಡ್ಡದು. ಒಂಟೆ ದಳವೂ ಕಾಲಾಳುಗಳೂ ನೆಲದ ಮೇಲೆ ಬೆನ್ನಟ್ಟಿದ್ದರು, ಅವರಿಲ್ಲದೆ ಈ ಗೆಲುವು ಇರಲಿಲ್ಲ ಎಂಬ ಸಂಗತಿ ಮಾತ್ರ ಆ ಲೆಕ್ಕದ ಹಿಂದೆ ಮರೆಯಾಯಿತು. ಸಯ್ಯಿದ್ ತಪ್ಪಿಸಿಕೊಂಡ. ಅದೇ ವರ್ಷದ ಕೊನೆಯಲ್ಲಿ ಇಥಿಯೋಪಿಯಾದ ನೆಲದಲ್ಲಿ ಕಾಯಿಲೆಯಿಂದ ತೀರಿಕೊಂಡ.

ಬ್ರಿಟನ್ ಇದನ್ನು ಇಷ್ಟು ಉತ್ಸಾಹದಿಂದ ಹಿಡಿದುಕೊಂಡದ್ದೇಕೆ?

ಎರಡು ಕಾರಣ. ಒಂದು, ದುಡ್ಡು. 1920ರಲ್ಲಿ ಇರಾಕ್ ಇಡೀ ದಂಗೆಯೆದ್ದಿತು. ಅದನ್ನು ಅಡಗಿಸಲು ಬಹುಪಾಲು ಭಾರತೀಯ ಸಿಪಾಯಿಗಳನ್ನೇ ಕರೆತರಬೇಕಾಯಿತು. ಮರುವರ್ಷ ಇರಾಕಿನ ಸೈನ್ಯದ ಖರ್ಚು ಎರಡು ಕೋಟಿ ಪೌಂಡ್ ದಾಟಿತು. ಯುದ್ಧದ ಸಾಲದಲ್ಲಿ ಮುಳುಗಿದ್ದ ಬ್ರಿಟನ್ನಿಗೆ ಅದು ಹೊರಲಾಗದ ಭಾರ. ಎರಡನೆಯದು, ರಾಯಲ್ ಏರ್ ಫೋರ್ಸ್‌ನ ಉಳಿವು. 1918ರ ಏಪ್ರಿಲ್ 1ರಂದು ಹುಟ್ಟಿದ ಈ ಪಡೆಯನ್ನು ಮತ್ತೆ ಭೂಸೇನೆ ಮತ್ತು ನೌಕಾಪಡೆಗಳ ನಡುವೆ ಹಂಚಿಬಿಡಬೇಕೆಂಬ ಒತ್ತಡವಿತ್ತು. ಅದರ ಮುಖ್ಯಸ್ಥ ಹ್ಯೂ ಟ್ರೆಂಚಾರ್ಡ್‌ಗೆ ತನ್ನ ಪಡೆ ಒಬ್ಬಂಟಿಯಾಗಿ ಮಾಡಬಲ್ಲ ಕೆಲಸವೊಂದು ಬೇಕಿತ್ತು. ವಸಾಹತು ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್‌ಗೆ ಉಳಿತಾಯ ಬೇಕಿತ್ತು. 1921ರ ಮಾರ್ಚಿನ ಕೈರೋ ಸಮ್ಮೇಳನದಲ್ಲಿ ಇಬ್ಬರ ಅಗತ್ಯಗಳೂ ಕೂಡಿದವು.

ಇರಾಕಿನಲ್ಲಿ ವ್ಯವಸ್ಥೆ ಹೇಗಿತ್ತು?

1922ರ ಅಕ್ಟೋಬರ್ 1ರಂದು ಇಡೀ ದೇಶದ ಸೇನಾ ಹೊಣೆ ವಾಯುಪಡೆಯ ಅಧಿಕಾರಿ ಸರ್ ಜಾನ್ ಸಾಲ್ಮಂಡ್ ಕೈಗೆ ಬಂತು. ನೆಲದ ಪಡೆಗಳೂ ಸೇರಿದಂತೆ ಎಲ್ಲವೂ ಒಬ್ಬ ವಾಯುಪಡೆ ಅಧಿಕಾರಿಯ ಕೆಳಗೆ ಬಂದದ್ದು ಅದೇ ಮೊದಲು. ಎಂಟು ಸ್ಕ್ವಾಡ್ರನ್ ವಿಮಾನಗಳು, ರೋಲ್ಸ್ ರಾಯ್ಸ್ ಶಸ್ತ್ರಸಜ್ಜಿತ ಕಾರುಗಳ ಕಂಪನಿಗಳು, ಒಂದಿಷ್ಟು ಬ್ರಿಟಿಷ್ ಮತ್ತು ಭಾರತೀಯ ಪಲ್ಟನ್‌ಗಳು, ಸ್ಥಳೀಯವಾಗಿ ಕಟ್ಟಿದ ‘ಲೆವಿ’ ದಳ. ಬಾಗ್ದಾದ್ ಪಕ್ಕದ ಹಿನೈದಿ, ಉತ್ತರದಲ್ಲಿ ಮೋಸುಲ್ ಮತ್ತು ಕಿರ್ಕುಕ್, ದಕ್ಷಿಣದಲ್ಲಿ ಬಸ್ರಾ ಬಳಿಯ ಶೈಬಾ ಮುಖ್ಯ ನೆಲೆಗಳು.

ಹೊರಗಿನಿಂದ ನೋಡುವವರ ಕಣ್ಣಿಗೆ ಬೀಳದ ಇನ್ನೊಂದು ಜಾಲವಿತ್ತು. ‘ಸ್ಪೆಷಲ್ ಸರ್ವಿಸ್ ಆಫೀಸರ್’ ಎಂಬ ಹೆಸರಿನ ಕಿರಿಯ ಅಧಿಕಾರಿಗಳು ಬುಡಕಟ್ಟುಗಳ ನಡುವೆ ಓಡಾಡುತ್ತಿದ್ದರು. ಯಾರ ಡೇರೆ ಎಲ್ಲಿದೆ, ಯಾವ ಶೇಖ್ ಯಾರೊಂದಿಗೆ ಜಗಳವಾಡಿದ್ದಾನೆ, ಯಾವ ಹಳ್ಳಿಗೆ ನೀರು ಯಾವ ಕಾಲುವೆಯಿಂದ ಬರುತ್ತದೆ ಎಂಬುದನ್ನೆಲ್ಲ ನಕ್ಷೆಯ ಮೇಲೆ ಗುರುತಿಸಿ, ವೈರ್‌ಲೆಸ್ ಮೂಲಕ ಕಳಿಸುತ್ತಿದ್ದರು. ವಿಮಾನದ ಕಣ್ಣು ಇವರೇ. ಈ ಮಾಹಿತಿ ಕೆಟ್ಟಾಗ ಇಡೀ ಪದ್ಧತಿಯೇ ಕುರುಡಾಗುತ್ತಿತ್ತು.

ಕೈರೋದಿಂದ ಬಾಗ್ದಾದಿಗೆ 1921ರಲ್ಲಿ ಶುರುವಾದ ಟಪಾಲು ವಿಮಾನ ಮಾರ್ಗವೂ ಇದೇ ವ್ಯವಸ್ಥೆಯ ಭಾಗ. ಮರುಭೂಮಿಯಲ್ಲಿ ಪೈಲಟ್‌ಗಳು ದಾರಿ ತಪ್ಪದಂತೆ ಕಾರುಗಳ ಚಕ್ರದ ಗುರುತನ್ನೂ ನೇಗಿಲಿನಿಂದ ಗೀರಿದ ಸಾಲನ್ನೂ ನೆಲದ ಮೇಲೆ ಮೂಡಿಸಿದ್ದರು. ನಡುನಡುವೆ ಇಳಿದಾಣಗಳಿಗೆ ಅಕ್ಷರ, ಸಂಖ್ಯೆಗಳ ಗುರುತು ಕೊಟ್ಟಿದ್ದರು. ಪೈಲಟ್ ಆ ಗೆರೆ ಹಿಡಿದು ಹಾರುತ್ತಿದ್ದ.

ಒಂದು ‘ಶಿಕ್ಷಾ ಕಾರ್ಯಾಚರಣೆ’ ಹೆಜ್ಜೆ ಹೆಜ್ಜೆಯಾಗಿ ಹೇಗೆ ನಡೆಯುತ್ತಿತ್ತು?

ಕಾಲಕ್ಕೂ ಸ್ಥಳಕ್ಕೂ ತಕ್ಕಂತೆ ಬದಲಾಗುತ್ತಿತ್ತು. ಆದರೆ ಇರಾಕ್, ವಾಯವ್ಯ ಗಡಿ (ಬ್ರಿಟಿಷ್ ಭಾರತದ ಅಫ್ಘಾನ್ ಅಂಚು), ಏಡನ್ (ಅರೇಬಿಯಾದ ದಕ್ಷಿಣ ತೀರದ ಬ್ರಿಟಿಷ್ ಪ್ರದೇಶ) ಮೂರರಲ್ಲೂ ಪಳಗಿದ ಮೇಲೆ ಕ್ರಮ ಹೆಚ್ಚುಕಡಿಮೆ ಹೀಗಿತ್ತು.

ಮೊದಲು ಬೇಡಿಕೆ. ದಂಡ ಇಷ್ಟು, ಒಪ್ಪಿಸಬೇಕಾದ ಬಂದೂಕುಗಳು ಇಷ್ಟು, ಹಿಡಿದುಕೊಡಬೇಕಾದವರು ಇಂಥವರು, ಗಡುವು ಇಂಥ ದಿನ. ವಾಯವ್ಯ ಗಡಿಯಲ್ಲಿ ಇದು ಪೊಲಿಟಿಕಲ್ ಏಜೆಂಟನ (ಬುಡಕಟ್ಟುಗಳೊಂದಿಗೆ ವ್ಯವಹರಿಸುವ ಬ್ರಿಟಿಷ್ ಅಧಿಕಾರಿ) ಮೂಲಕ ಹಿರಿಯರ ಸಭೆಯಾದ ಜಿರ್ಗಾಕ್ಕೂ ಮುಖಂಡರಾದ ಮಲಿಕರಿಗೂ ಹೋಗುತ್ತಿತ್ತು. ಬೇಡಿಕೆ ಸಣ್ಣದಾಗಿರಬೇಕು, ಸ್ಪಷ್ಟವಾಗಿರಬೇಕು, ಬುಡಕಟ್ಟಿನ ಕೈಲಾಗುವಂತಿರಬೇಕು ಎಂಬುದು ಅನುಭವದಿಂದ ಕಲಿತ ಪಾಠ. ಕಟ್ಟಲಾಗದ ದಂಡ ಹಾಕಿದರೆ ಬಾಂಬು ಹಾಕುತ್ತಲೇ ಇರಬೇಕಾಗುತ್ತಿತ್ತು.

ಎರಡನೆಯದು, ಎಚ್ಚರಿಕೆಯ ಕರಪತ್ರ. ವಾಯವ್ಯ ಗಡಿಯಲ್ಲಿ ಮೊದಲು ಬಿಳಿ ಕಾಗದ, ದಾಳಿ ಹತ್ತಿರ ಬಂದಾಗ ಕೆಂಪು ಕಾಗದ. ಇಂಥ ಎಲ್ಲೆಯ ಒಳಗಿರುವವರೆಲ್ಲ ಹೆಂಗಸರು, ಮಕ್ಕಳು, ಜಾನುವಾರುಗಳೊಂದಿಗೆ ಹೊರಡಬೇಕು, ಮತ್ತೆ ಅಪ್ಪಣೆಯಾಗುವ ತನಕ ಒಳಗೆ ಕಾಲಿಡಬಾರದು ಎಂದು ಅದರಲ್ಲಿ ಬರೆದಿರುತ್ತಿತ್ತು. 1932ರಲ್ಲಿ ಇರಾಕಿನ ಬರ್ಜಾನ್ ಪ್ರದೇಶದಲ್ಲಿ ವಿಮಾನಕ್ಕೆ ಧ್ವನಿವರ್ಧಕ ಕಟ್ಟಿ ಕುರ್ದಿಷ್ ಭಾಷೆಯಲ್ಲಿ ಕೂಗಿಸಿದ್ದೂ ಉಂಟು.

ಮೂರನೆಯದು, ಗಡುವು ಮೀರಿದ ಮೇಲೆ ಒಂದೆರಡು ದಿನ ಭಾರಿ ದಾಳಿ. ಆಮೇಲೆ ಬರುವುದು ಈ ಪದ್ಧತಿಯ ತಿರುಳು: ವಾರಗಟ್ಟಲೆ ಸಣ್ಣ ಸಣ್ಣ ದಾಳಿ. ಹಗಲಲ್ಲಿ ಬೇರೆ ಬೇರೆ ಹೊತ್ತಿನಲ್ಲಿ, ಬೆಳದಿಂಗಳಿದ್ದರೆ ರಾತ್ರಿಯೂ, ಒಂದೋ ಎರಡೋ ವಿಮಾನ ಬಂದು ಹೋಗುತ್ತಿತ್ತು. ಯಾವಾಗ ಬರುತ್ತದೆಂದು ತಿಳಿಯಬಾರದು. ರಾತ್ರಿ ಕದ್ದು ಬಂದು ಉಳುವವರನ್ನು, ದನ ಮೇಯಿಸುವವರನ್ನು, ಮನೆ ರಿಪೇರಿ ಮಾಡುವವರನ್ನು ತಡೆಯಲು ಗಂಟೆಗಳ ನಂತರ ಸಿಡಿಯುವ ತಡ-ಸ್ಫೋಟಕ ಬಾಂಬುಗಳನ್ನು ಬೀಳಿಸಿಟ್ಟು ಹೋಗುತ್ತಿದ್ದರು. ಹೀಗೆ ಜನರನ್ನು ಅವರ ಊರಿಂದಲೇ ಹೊರಗಿಡುವುದಕ್ಕೆ ಅಧಿಕಾರಿಗಳ ಭಾಷೆಯಲ್ಲಿ ‘ತಲೆಕೆಳಗಾದ ದಿಗ್ಬಂಧನ’ ಎಂದು ಹೆಸರು. ಕೋಟೆಯ ದಿಗ್ಬಂಧನದಲ್ಲಿ ಜನ ಒಳಗೆ ಸಿಕ್ಕಿಕೊಳ್ಳುತ್ತಾರೆ. ಇಲ್ಲಿ ಹೊರಗೆ ಸಿಕ್ಕಿಕೊಳ್ಳುತ್ತಾರೆ.

ಹೊರಗೆ ಎಂದರೆ ಎಲ್ಲಿ? ನೆಂಟರ ಊರಿನಲ್ಲಿ, ನೆರೆಯ ಬುಡಕಟ್ಟಿನ ಹಂಗಿನಲ್ಲಿ, ಇಲ್ಲವೇ ಗುಹೆಗಳಲ್ಲಿ. ಮೊದಲ ವಾರ ಅತಿಥಿ ಸತ್ಕಾರ, ಮೂರನೇ ವಾರಕ್ಕೆ ಆತಿಥ್ಯ ಕೊಟ್ಟವರ ಕಣಜವೂ ಖಾಲಿ. ಬಿತ್ತನೆಯ ಹದ ತಪ್ಪುತ್ತದೆ, ಕಾಲುವೆಗೆ ಹೂಳು ತುಂಬುತ್ತದೆ, ಹಿಂಡಿಗೆ ಮೇವಿಲ್ಲ. ಆಗ ಹಿರಿಯರು ಮಾತುಕತೆಗೆ ಬರುತ್ತಾರೆ. ಬರದಿದ್ದರೆ ಮುಂದಿನ ಋತುವಿನ ತನಕ ಎಳೆಯುವುದು. ಹೀಗಾಗಿ ದಾಳಿಯ ಕಾಲವನ್ನು ಕೃಷಿಯ ಪಂಚಾಂಗ ನೋಡಿ ಆರಿಸುತ್ತಿದ್ದರು. ಈ ಒಂದು ವಿವರ ಸಾಕು, ಶಿಕ್ಷೆ ಯಾರ ಹೊಟ್ಟೆಯ ಮೇಲೆ ಬೀಳಲೆಂದು ಯೋಜಿಸಲಾಗಿತ್ತು ಎಂದು ತಿಳಿಯಲು.

ಯಾವ ವಿಮಾನ, ಎಂಥ ಬಾಂಬು?

1920ರ ದಶಕದಲ್ಲಿ ಹೆಚ್ಚಿನ ಭಾರ ಹೊತ್ತದ್ದು ಡಿ.ಎಚ್.9ಎ ಮತ್ತು ಬ್ರಿಸ್ಟಲ್ ಫೈಟರ್. ಎರಡೂ ಮಹಾಯುದ್ಧ ಕಾಲದ, ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ, ಎರಡು ಆಸನದ ದ್ವಿ-ರೆಕ್ಕೆ ವಿಮಾನಗಳು. ಡಿ.ಎಚ್.9ಎಗೆ 400 ಅಶ್ವಶಕ್ತಿಯ, ಹನ್ನೆರಡು ಸಿಲಿಂಡರಿನ ಲಿಬರ್ಟಿ ಎಂಜಿನ್. ಸುಮಾರು 300 ಕಿಲೋ ಬಾಂಬು ಹೊರುತ್ತಿತ್ತು. ಪೈಲಟ್‌ಗೆ ಮುಂದಕ್ಕೆ ಗುಂಡು ಹಾರಿಸುವ ವಿಕರ್ಸ್ ಗನ್, ಹಿಂದೆ ಕೂತವನಿಗೆ ಲೂಯಿಸ್ ಗನ್. ಮರುಭೂಮಿಯ ವಿಮಾನಗಳನ್ನು ಫೋಟೋಗಳಲ್ಲಿ ಗುರುತಿಸುವುದು ಸುಲಭ: ಮೂತಿಯ ಕೆಳಗೆ ಹೆಚ್ಚುವರಿ ರೇಡಿಯೇಟರ್, ಪಕ್ಕಕ್ಕೆ ಕಟ್ಟಿದ ಸ್ಟೆಪ್ನಿ ಚಕ್ರ, ನೀರಿನ ಚೀಲ, ಹಾಸಿಗೆ ಸುರುಳಿ.

1920ರ ದಶಕದ ಕೊನೆಗೆ ಬಂದ ವೆಸ್ಟ್‌ಲ್ಯಾಂಡ್ ವಾಪಿಟಿ ಒಂದು ಜಾಣ ಪರಿಹಾರ. ಗೋದಾಮಿನಲ್ಲಿ ಉಳಿದಿದ್ದ ಡಿ.ಎಚ್.9ಎ ಬಿಡಿಭಾಗಗಳನ್ನು ಸಾಧ್ಯವಾದಷ್ಟು ಬಳಸಬೇಕೆಂಬ ಷರತ್ತಿನ ಮೇಲೆ ಅದನ್ನು ರೂಪಿಸಿದ್ದರು. ಎಂಜಿನ್ ಮಾತ್ರ ಗಾಳಿಯಿಂದ ತಣಿಯುವ ಜೂಪಿಟರ್. ರೇಡಿಯೇಟರ್ ಇಲ್ಲ, ನೀರು ಕುದಿಯುವ ತಲೆನೋವಿಲ್ಲ.

ಬಾಂಬುಗಳಲ್ಲಿ ಸಾಮಾನ್ಯವಾದವು 20 ಪೌಂಡಿನ (ಸುಮಾರು 9 ಕಿಲೋ) ಕೂಪರ್, 112 ಪೌಂಡಿನ ಮತ್ತು 230 ಪೌಂಡಿನ ಬಾಂಬುಗಳು, ಜೊತೆಗೆ ಒಣಹುಲ್ಲು, ಬಣವೆ, ಚಾವಣಿಗಳಿಗೆ ಬೆಂಕಿ ಹಚ್ಚಲು ಅಂಗೈಗಾತ್ರದ ಅಗ್ನಿಬಾಂಬುಗಳು. ಕೂಪರ್ ಬಾಂಬಿನ ಚೂರುಗಳು ಬಯಲಲ್ಲಿದ್ದ ಮನುಷ್ಯರಿಗೂ ದನಗಳಿಗೂ ಮಾರಕ, ದಪ್ಪ ಮಣ್ಣುಗೋಡೆಗೆ ಮಾತ್ರ ಅಲ್ಪ ಹಾನಿ. ಹಾಗಾಗಿ ಮನೆ ಉರುಳಿಸಬೇಕೆಂದರೆ ದೊಡ್ಡ ಬಾಂಬು ಬೇಕು, ದೊಡ್ಡ ಬಾಂಬು ಹೊರಲು ದೊಡ್ಡ ವಿಮಾನ ಬೇಕು. ಇರಾಕಿನಲ್ಲಿ 45ನೇ ಸ್ಕ್ವಾಡ್ರನ್ನಿನ ನಾಯಕನಾಗಿದ್ದ ಆರ್ಥರ್ ಹ್ಯಾರಿಸ್ ಸೈನಿಕರನ್ನು ಸಾಗಿಸುವ ವರ್ನನ್ ವಿಮಾನಗಳ ಮೂತಿಯಲ್ಲಿ ಗುರಿ ನೋಡಲು ರಂಧ್ರ ಕೊರೆಸಿ, ಬಾಂಬ್ ಕೊಕ್ಕೆಗಳನ್ನು ಅಲ್ಲೇ ಮಾಡಿಸಿ, ಅವನ್ನು ಭಾರಿ ಬಾಂಬರ್‌ಗಳಾಗಿಸಿದ. ಮುಕ್ಕಾಲು ಗಂಟೆಯಲ್ಲಿ ಒಂದು ಇಡೀ ಹಳ್ಳಿಯನ್ನು ಅಳಿಸಿ, ಅದರ ಮೂರನೇ ಒಂದು ಪಾಲು ಜನರನ್ನು ಕೊಲ್ಲಬಹುದು ಇಲ್ಲವೇ ಗಾಯಗೊಳಿಸಬಹುದು ಎಂದು 1924ರಲ್ಲಿ ಬರೆದವನೂ ಅವನೇ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ನಗರಗಳ ಮೇಲಿನ ಬಾಂಬ್ ದಾಳಿಗೆ ಮುಖ್ಯಸ್ಥನಾದ ಹ್ಯಾರಿಸ್ ಈತನೇ.

ಎಲ್ಲೆಲ್ಲಿ ಕೆಡುತ್ತಿತ್ತು?

ಮೊದಲು ಯಂತ್ರದ ಮಾತು. ಬೇಸಿಗೆಯಲ್ಲಿ ಬಿಸಿಗಾಳಿ ತೆಳುವಾಗಿ ರೆಕ್ಕೆಗೆ ಎತ್ತುವ ಬಲ ಸಾಲದು, ಎಂಜಿನ್ನಿಗೂ ಕಸುವು ಕಡಿಮೆ. ವಾಯವ್ಯ ಗಡಿಯ ವಜೀರಿಸ್ತಾನದಂಥ ಎತ್ತರದ ಪ್ರದೇಶದಲ್ಲಿ ಇವೆರಡೂ ಸೇರಿ ಬಾಂಬಿನ ಹೊರೆ ಇಳಿಸಬೇಕಾಗುತ್ತಿತ್ತು. ನೀರಿನಿಂದ ತಣಿಯುವ ಎಂಜಿನ್ ಕುದಿಯುತ್ತಿತ್ತು. ದೂಳು ಕಾರ್ಬ್ಯುರೇಟರಿಗೆ, ಬೇರಿಂಗಿಗೆ ಹೊಕ್ಕು ಸವೆಸುತ್ತಿತ್ತು. ಒಣಹವೆಗೆ ಮರ ಕುಗ್ಗಿ ಕೀಲು ಸಡಿಲವಾಗುತ್ತಿತ್ತು, ಬಿಸಿಲಿಗೆ ಬಟ್ಟೆ ಜೀರ್ಣವಾಗುತ್ತಿತ್ತು, ಟೈರಿನ ರಬ್ಬರು ಬಿರುಕು ಬಿಡುತ್ತಿತ್ತು. 1922ರಲ್ಲಿ ಸಾಲ್ಮಂಡ್ ಭಾರತದ ವಾಯುಪಡೆಯನ್ನು ಪರಿಶೀಲಿಸಿದಾಗ ಹಾರಲು ಯೋಗ್ಯವಾಗಿದ್ದ ವಿಮಾನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಿಡಿಭಾಗಗಳಿಗೆ ದುಡ್ಡು ಕೊಡದೆ ಪಡೆಯನ್ನು ಕಾಗದದ ಮೇಲೆ ಮಾತ್ರ ಇಟ್ಟುಕೊಂಡಿದ್ದರ ಫಲ ಅದು.

ಕಣಿವೆಯಲ್ಲಿ ಹಾರುವುದರ ಅಪಾಯವೇ ಬೇರೆ. ಗುರಿ ಸಿಗಬೇಕೆಂದರೆ ಕೆಳಗಿಳಿಯಬೇಕು. ಇಳಿದರೆ ಬೆಟ್ಟದ ಇಳಿಜಾರಿನಲ್ಲಿ ಕೂತ ಬಂದೂಕುಗಾರ ವಿಮಾನಕ್ಕಿಂತ ಮೇಲಿರುತ್ತಿದ್ದ, ಮೇಲಿನಿಂದ ಕೆಳಕ್ಕೆ ಗುಂಡು ಹಾರಿಸುತ್ತಿದ್ದ. ಎಂಜಿನ್ ನಿಂತರೆ ಇಳಿಯಲು ಸಮತಟ್ಟಾದ ಜಾಗವೇ ಇಲ್ಲ. ಅಂಥ ಹೊತ್ತಿಗೆಂದು ಪೈಲಟ್‌ಗಳು ಕಿಸೆಯಲ್ಲಿ ಒಂದು ಕಾಗದ ಇಟ್ಟುಕೊಳ್ಳುತ್ತಿದ್ದರು: ಈತನನ್ನು ಅಂಗಭಂಗ ಮಾಡದೆ, ಜೀವಂತವಾಗಿ ತಲುಪಿಸಿದವರಿಗೆ ಬಹುಮಾನ ಎಂದು ಸ್ಥಳೀಯ ಭಾಷೆಗಳಲ್ಲಿ ಬರೆದದ್ದು. ಅದನ್ನು ‘ಗೂಲಿ ಚಿಟ್’ ಎನ್ನುತ್ತಿದ್ದರು. ಚಿಟ್ ಅಂದರೆ ನಮ್ಮ ಚೀಟಿಯೇ.

ಮಾಹಿತಿಯ ದೋಷ ಎಲ್ಲಕ್ಕಿಂತ ಘೋರ. ಮೇಲಿನಿಂದ ಎಲ್ಲ ಹಳ್ಳಿಯೂ ಒಂದೇ ಬಣ್ಣದ ಮಣ್ಣು. ಅಲೆಮಾರಿಗಳ ಕಪ್ಪು ಡೇರೆಗಳಲ್ಲಿ ತಪ್ಪಿತಸ್ಥರದು ಯಾವುದು, ಪಕ್ಕದವರದು ಯಾವುದು ಎಂದು ಹೇಳುವುದು ಹೇಗೆ? ನಕ್ಷೆಯಲ್ಲಿ ಹೆಸರು ತಪ್ಪು, ಹೇಳಿಕೆ ಕೊಟ್ಟವನಿಗೆ ಹಳೆಯ ದ್ವೇಷ, ಇಲ್ಲವೇ ಎರಡು ದಿನದ ಹಿಂದಿನ ಸುದ್ದಿ. ಇವುಗಳಲ್ಲಿ ಒಂದಿದ್ದರೂ ಸಂಬಂಧವಿಲ್ಲದ ಜನ ಸಾಯುತ್ತಿದ್ದರು. ಗುರಿ ತಪ್ಪಿದ ಬಾಂಬಿನ ಸುದ್ದಿ ಕಚೇರಿಗೆ ಮುಟ್ಟುತ್ತಿದ್ದುದೂ ಅಪರೂಪ. ಬಾಂಬು ಬಿದ್ದ ಕಡೆಗೆ ನೋಡಲು ಹೋಗುವವರು ಯಾರು?

ಕೆಳಗಿದ್ದವರು ಇದನ್ನು ಹೇಗೆ ಎದುರಿಸಿದರು?

ಮೊದಮೊದಲು ವಿಮಾನವನ್ನು ಕಂಡರೆ ಭಯವಿತ್ತು. ಆ ಭಯ ಬಹಳ ಕಾಲ ಉಳಿಯಲಿಲ್ಲ. ಗುಡ್ಡದ ಮೇಲೆ ಕಾವಲು ಕೂರಿಸಿ ಸದ್ದು ಕೇಳಿದೊಡನೆ ಸೂಚನೆ ಕೊಡುವುದು, ಚದುರಿ ಬಂಡೆಯ ನೆರಳಲ್ಲಿ ಅಲುಗಾಡದೆ ಮಲಗುವುದು, ದನಗಳನ್ನು ನೆರೆಯವರ ಹಿಂಡಿನಲ್ಲಿ ಬೆರೆಸುವುದು, ಗುಹೆಗಳಿಗೆ ಧಾನ್ಯ ಸಾಗಿಸುವುದು, ರಾತ್ರಿ ಉಳುವುದು. ವಜೀರಿಸ್ತಾನದ ಮೆಹ್ಸೂದರಿಗೂ ವಜೀರರಿಗೂ ಗುಹೆವಾಸ ಹೊಸದಲ್ಲ. 1936ರಿಂದ ಬ್ರಿಟಿಷರ ವಿರುದ್ಧ ಹೋರಾಡಿದ ಮಿರ್ಜಾ ಅಲಿ ಖಾನ್, ಅಂದರೆ ಇಪಿಯ ಫಕೀರ್, ತನ್ನ ಅರ್ಸಲ್ ಕೋಟ್ ನೆಲೆ ಬಾಂಬಿಗೆ ಸಿಕ್ಕಿದ ಮೇಲೆ ಅಫ್ಘಾನ್ ಗಡಿಯಾದ ಡ್ಯುರಾಂಡ್ ಗೆರೆಯ ಹತ್ತಿರದ ಗುಹೆಗಳಿಗೆ ಹೋದ. ಗೆರೆ ದಾಟಿ ಬಾಂಬು ಹಾಕಿದರೆ ಅಫ್ಘಾನಿಸ್ತಾನದೊಂದಿಗೆ ಜಗಳ. ಆತ ಕೊನೆಗೂ ಸಿಗಲಿಲ್ಲ. ಬ್ರಿಟಿಷರು ಹೋದ ಮೇಲೂ ಬದುಕಿದ್ದು 1960ರಲ್ಲಿ ತೀರಿಕೊಂಡ.

‘ಪಿಂಕ್‌ನ ಯುದ್ಧ’ ಎಂದರೆ ಯಾವುದು?

ಭೂಸೇನೆಯ ನೆರವಿಲ್ಲದೆ ಬರೀ ವಿಮಾನಗಳಿಂದ ನಡೆಸಿದ ಕಾರ್ಯಾಚರಣೆ. ವಿಂಗ್ ಕಮಾಂಡರ್ ರಿಚರ್ಡ್ ಪಿಂಕ್ 1925ರ ಮಾರ್ಚ್ 9ರಿಂದ ಮೇ 1ರ ತನಕ, 54 ದಿನ, ದಕ್ಷಿಣ ವಜೀರಿಸ್ತಾನದ ಮೆಹ್ಸೂದ್ ಪಂಗಡಗಳ ಮೇಲೆ ಇದನ್ನು ನಡೆಸಿದ. 5, 27 ಮತ್ತು 60ನೇ ಸ್ಕ್ವಾಡ್ರನ್‌ಗಳು ಮೀರಾನ್‌ಶಾ ಮತ್ತು ಟಾಂಕ್‌ನಿಂದ ಹಾರಿದವು. ಕೊನೆಗೆ ಪಂಗಡಗಳು ಷರತ್ತಿಗೆ ಒಪ್ಪಿದವು. ಬ್ರಿಟಿಷರ ಕಡೆ ಸತ್ತವರು ಇಬ್ಬರು, ಒಂದು ವಿಮಾನದವರು. ಇದಕ್ಕೆಂದು ಕೊಟ್ಟ ‘ವಜೀರಿಸ್ತಾನ್ 1925’ ಪದಕಪಟ್ಟಿ ಪಡೆದವರು ಮುನ್ನೂರಕ್ಕೂ ಕಡಿಮೆ ಜನರಾದ್ದರಿಂದ ಪದಕ ಸಂಗ್ರಾಹಕರು ಇಂದಿಗೂ ಅದನ್ನು ಹುಡುಕುತ್ತಾರೆ.

ಎಚ್ಚರಿಕೆ ಕೊಟ್ಟೇ ಬಾಂಬು ಹಾಕುತ್ತಿದ್ದರಲ್ಲ, ಹಾಗಾದರೆ ಇದು ಕಾಲಾಳು ದಂಡಯಾತ್ರೆಗಿಂತ ಮಾನವೀಯವಲ್ಲವೇ?

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಿಂದಿನ ದಂಡಯಾತ್ರೆಗಳಲ್ಲಿ ಸೈನ್ಯ ನುಗ್ಗಿ ಹಳ್ಳಿಗೆ ಬೆಂಕಿ ಇಟ್ಟು, ಫಲದ ಮರ ಕಡಿದು, ಬಾವಿ ಕೆಡಿಸಿ ಬರುತ್ತಿತ್ತು. ಎರಡೂ ಕಡೆ ನೂರಾರು ಜನ ಸಾಯುತ್ತಿದ್ದರು. ಸರಿಯಾಗಿ ಎಚ್ಚರಿಸಿ, ಖಾಲಿ ಮಾಡಿಸಿದ ಹಳ್ಳಿಗೆ ಬಾಂಬು ಹಾಕಿದಾಗ ಸತ್ತವರು ಕಡಿಮೆಯೆಂಬುದಕ್ಕೆ ಏಡನ್ನಿನ 1934ರ ಕುತೈಬಿ ಪ್ರಕರಣದಂಥ ನಿದರ್ಶನಗಳಿವೆ.

ಆದರೂ ಮೂರು ಮಾತು ಗಮನಿಸಬೇಕು. ಎಚ್ಚರಿಕೆಯ ನಿಯಮ ಗಟ್ಟಿಯಾದದ್ದು ತಡವಾಗಿ, ಟೀಕೆ ಬಂದ ಮೇಲೆ. 1920ರ ದಶಕದ ಆರಂಭದಲ್ಲಿ ಇರಾಕಿನಲ್ಲಿ ಎಚ್ಚರಿಕೆಯಿಲ್ಲದೆ ಡೇರೆಗಳ ಮೇಲೂ ಹಿಂಡುಗಳ ಮೇಲೂ ಬಾಂಬು, ಮೆಷಿನ್‌ಗನ್ ಎರಡೂ ಬಿದ್ದಿವೆ. ಎರಡನೆಯದಾಗಿ, ಓದಲು ಬಾರದವರಿಗೆ ಕರಪತ್ರ, ನಡೆಯಲಾಗದ ಮುದುಕರಿಗೆ ಒಂದು ದಿನದ ಗಡುವು, ಇವು ಎಷ್ಟರಮಟ್ಟಿಗೆ ಎಚ್ಚರಿಕೆ? ಮೂರನೆಯದು ನಮಗೆ ಮುಖ್ಯವೆನಿಸುವುದು: ಅಗ್ಗವೂ ನಿರಪಾಯವೂ ಆದ ಶಿಕ್ಷೆಯನ್ನು ಆಳುವವರು ಹೆಚ್ಚು ಸಲ ಕೊಡುತ್ತಾರೆ. ಪಲ್ಟನ್ ಕಳಿಸುವುದಿದ್ದರೆ ಹತ್ತು ಸಲ ಯೋಚಿಸುವ ಸಣ್ಣ ತಪ್ಪಿಗೂ, ಬಾಕಿ ಕಂದಾಯಕ್ಕೂ, ವಿಮಾನ ಕಳಿಸುವುದು ಸುಲಭವಾಯಿತು. 1923ರ ಕೊನೆಯಲ್ಲಿ ಇರಾಕಿನ ಸಮಾವಾ ಸುತ್ತಲಿನ ಬನಿ ಹುಚೈಮ್ ಬುಡಕಟ್ಟಿನ ಮೇಲೆ ನಡೆದ ದಾಳಿಯ ಹಿಂದೆ ಇದ್ದದ್ದು ಮುಖ್ಯವಾಗಿ ಕಂದಾಯ ಮತ್ತು ಅವಿಧೇಯತೆಯ ದೂರು. ಅವರಿಗೆ ನೀರಿನ ಅಭಾವವಿತ್ತು, ಬಡತನವಿತ್ತು.

ಇರಾಕಿನಲ್ಲಿ ವಿಷಾನಿಲ ಹಾಕಿದರೆ?

ವಿಮಾನದಿಂದ ಹಾಕಿದರು ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. 1919ರಲ್ಲಿ ಚರ್ಚಿಲ್ ಅನಿಲ ಬಳಕೆಯ ಪರವಾಗಿ ಬರೆದ ಟಿಪ್ಪಣಿ ನಿಜ. ಅದನ್ನೇ ಹಿಡಿದು ಬಳಸಿಯೇಬಿಟ್ಟರು ಎಂದು ಹಲವರು ಬರೆಯುತ್ತಾರೆ. ನಿಜವಾಗಿ ವಿಮಾನದಿಂದ ವಿಷ ಸುರಿದವರು ಬೇರೆ: 1920ರ ದಶಕದಲ್ಲಿ ಮೊರಾಕೊದ ರಿಫ್ ಜನರ ಮೇಲೆ ಸ್ಪೇನ್, 1935-36ರಲ್ಲಿ ಇಥಿಯೋಪಿಯಾದ ಮೇಲೆ ಇಟಲಿ. ಎರಡೂ ಕಡೆ ಮಸ್ಟರ್ಡ್ ಅನಿಲ. ಯುದ್ಧದಲ್ಲಿ ರಾಸಾಯನಿಕ ಅಸ್ತ್ರ ಬಳಸುವುದನ್ನು ನಿಷೇಧಿಸಿದ 1925ರ ಜಿನೀವಾ ಒಪ್ಪಂದಕ್ಕೆ ಇಟಲಿ ಸಹಿ ಹಾಕಿತ್ತು.

ಬ್ರಿಟನ್ ಬಿಟ್ಟು ಬೇರೆ ಯಾರು ಮಾಡಿದರು?

ಫ್ರಾನ್ಸ್ 1925-26ರಲ್ಲಿ ಸಿರಿಯಾದಲ್ಲಿ. ಅಮೆರಿಕದ ಮರೀನ್ ಪಡೆ 1927ರ ಜುಲೈನಲ್ಲಿ ನಿಕರಾಗುವಾದ ಒಕೊಟಾಲ್‌ನಲ್ಲಿ, ಬಂಡಾಯ ನಾಯಕ ಸಾಂಡಿನೊನ ಹೋರಾಟಗಾರರ ಮೇಲೆ. ನಮಗೆ ಹೆಚ್ಚು ಕಾಡುವುದು 1922ರ ಬೊಂಡೆಲ್‌ಸ್ವಾರ್ಟ್ಸ್ ಪ್ರಕರಣ. ಇಂದಿನ ನಮೀಬಿಯಾದ ಬಡ ನಾಮಾ ಜನ ನಾಯಿಗಳ ಮೇಲಿನ ತೆರಿಗೆ ಕಟ್ಟಲಾಗದೆ ಸೆಟೆದು ನಿಂತರು. ಬೇಟೆನಾಯಿ ಅವರ ಅನ್ನ. ದಕ್ಷಿಣ ಆಫ್ರಿಕಾ ಸರ್ಕಾರ ವಿಮಾನ ಕಳಿಸಿತು. ಸುಮಾರು ನೂರು ಜನ ಸತ್ತರು. ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಆಯೋಗದಲ್ಲಿ ಇದರ ವಿಚಾರಣೆಯೂ ಖಂಡನೆಯೂ ಆಯಿತು.

ಗಡಿಯಾಚೆ ಸರಿ, ಭಾರತದ ಊರುಗಳ ಮೇಲೆ?

ಆಗಿದೆ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಮರುದಿನ, 1919ರ ಏಪ್ರಿಲ್ 14ರಂದು, ಪಂಜಾಬಿನ ಗುಜ್ರಾನ್‌ವಾಲಾದಲ್ಲಿ ಗಲಭೆಯೆದ್ದಾಗ ಲಾಹೋರಿನಿಂದ ವಿಮಾನಗಳು ಬಂದವು. ಊರಿನ ಮೇಲೂ ಸುತ್ತಲಿನ ಹಳ್ಳಿಯ ಮೇಲೂ ಬಾಂಬು ಹಾಕಿ, ಓಡುತ್ತಿದ್ದ ಜನರ ಮೇಲೆ ಮೆಷಿನ್‌ಗನ್ ಹಾರಿಸಿದರು. ಖಾಲ್ಸಾ ಹೈಸ್ಕೂಲಿನ ವಿದ್ಯಾರ್ಥಿ ನಿಲಯದ ಆವರಣದಲ್ಲೂ ಬಾಂಬು ಬಿತ್ತು. ಪಂಜಾಬಿನ ಆ ಘಟನೆಗಳನ್ನು ವಿಚಾರಿಸಿದ ಹಂಟರ್ ಸಮಿತಿಯ ಮುಂದೆ ಪೈಲಟ್ ಮೇಜರ್ ಕಾರ್ಬೆರಿ, ಕೆಲವರು ಸತ್ತರೆ ಉಳಿದವರು ಮತ್ತೆ ಗುಂಪುಗೂಡಿ ಬರುವುದಿಲ್ಲವೆಂದು ಹಾಗೆ ಮಾಡಿದೆ ಎಂಬರ್ಥದ ಹೇಳಿಕೆ ಕೊಟ್ಟ. ಹಳ್ಳಿಗನೋ ಗಲಭೆಕೋರನೋ ಎಂದು ನೂರಾರು ಅಡಿ ಮೇಲಿನಿಂದ ಹೇಗೆ ತಿಳಿಯಿತು ಎಂಬ ಪ್ರಶ್ನೆ ಅಲ್ಲಿಯೇ ಎದ್ದಿತು.

ಊರುಗಲಭೆಗೆ ವಿಮಾನ ಕೈಕೊಡುತ್ತದೆ ಎಂಬುದು 1929ರ ಆಗಸ್ಟಿನಲ್ಲಿ ಪ್ಯಾಲೆಸ್ತೀನಿನಲ್ಲಿ ಸಾಬೀತಾಯಿತು. ಅಲ್ಲಿಯೂ ವಾಯುಪಡೆಯದೇ ಹೊಣೆ. ಅರಬ್-ಯಹೂದಿ ಗಲಭೆ ಓಣಿ ಓಣಿಗಳಲ್ಲಿ ಹಬ್ಬಿದಾಗ ವಿಮಾನ ಮಾಡುವುದೇನಿತ್ತು? ಈಜಿಪ್ಟಿನಿಂದ ಕಾಲಾಳುಗಳನ್ನು ತುರ್ತಾಗಿ ತರಿಸಬೇಕಾಯಿತು.

ವಾಯುಪಡೆಯ ಒಳಗೆ ಯಾರೂ ವಿರೋಧಿಸಲಿಲ್ಲವೇ?

ಲಯನೆಲ್ ಚಾರ್ಲ್‌ಟನ್ ವಿರೋಧಿಸಿದ. 1923ರಲ್ಲಿ ಇರಾಕ್ ಪಡೆಯ ಹಿರಿಯ ಸಿಬ್ಬಂದಿ ಅಧಿಕಾರಿಯಾಗಿ ಬಂದ ಈತ ದಿವಾನಿಯಾ ಆಸ್ಪತ್ರೆಗೆ ಭೇಟಿ ಕೊಟ್ಟಾಗ ಬಾಂಬಿನಿಂದ ಗಾಯಗೊಂಡು ಮಲಗಿದ್ದವರನ್ನು ಕಂಡ. ವಿಚಾರಣೆಯಿಲ್ಲದೆ, ಅಪರಾಧಿ ಯಾರೆಂದು ತಿಳಿಯದೆ, ಇಡೀ ಊರಿಗೆ ಶಿಕ್ಷೆ ಕೊಡುವ ಕೆಲಸ ತನ್ನಿಂದಾಗದೆಂದು ಹುದ್ದೆ ಬಿಟ್ಟ. ದಾಖಲೆ ಹಿಡಿದು ಕೂತವರಲ್ಲಿ ಆಸ್ಪತ್ರೆಯ ತನಕ ಹೋಗಿ ನೋಡಿದವರು ವಿರಳ, ಅದಕ್ಕೇ ಇವನ ಹೆಸರು ಉಳಿದಿದೆ.

ಭಾರತೀಯ ಪೈಲಟ್‌ಗಳೂ ಇದರಲ್ಲಿ ಇದ್ದರೆ?

ಇದ್ದರು. 1932ರ ಅಕ್ಟೋಬರ್ 8ರಂದು ಸ್ಥಾಪನೆಯಾದ ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಶುರುವಾಯಿತು. 1930ರ ದಶಕದ ಎರಡನೇ ಅರ್ಧದಲ್ಲಿ ಅದು ಮೀರಾನ್‌ಶಾದಿಂದ ಇಪಿಯ ಫಕೀರನ ವಿರುದ್ಧ ಹಾರಿತು. ಸ್ವತಂತ್ರ ಭಾರತದ ವಾಯುಪಡೆಗೆ ಮೊದಲ ಭಾರತೀಯ ಮುಖ್ಯಸ್ಥರಾದ ಸುಬ್ರೊತೊ ಮುಖರ್ಜಿ ಆ ತಲೆಮಾರಿನವರು. ಒಂದು ಪರಾಧೀನ ದೇಶದ ತರುಣರು ತಮ್ಮ ಹಾರಾಟ ಕಲಿತದ್ದು ಇನ್ನೊಂದು ಮಣಿಯದ ಜನರ ಮೇಲೆ. ಅವರ ಕೌಶಲ, ಧೈರ್ಯಗಳನ್ನು ಗೌರವಿಸುತ್ತಲೇ ಈ ಸಂಗತಿಯನ್ನೂ ಹೇಳಬೇಕು.

ಅಂತರರಾಷ್ಟ್ರೀಯ ಕಾನೂನು ಏನನ್ನುತ್ತಿತ್ತು?

1923ರಲ್ಲಿ ಹೇಗ್‌ನಲ್ಲಿ ಸಿದ್ಧವಾದ ವಾಯುಯುದ್ಧದ ಕರಡು ನಿಯಮಗಳನ್ನು ಯಾವ ದೇಶವೂ ಕಾನೂನಾಗಿ ಒಪ್ಪಲಿಲ್ಲ. ಜಿನೀವಾ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ, 1933ರಲ್ಲಿ, ಬ್ರಿಟನ್ ತಾನೇ ಮುಂದಿಟ್ಟ ಕರಡಿನಲ್ಲಿ ಆಕಾಶದಿಂದ ಬಾಂಬು ಹಾಕುವುದನ್ನು ಪೂರ್ತಿ ನಿಷೇಧಿಸುವ ವಿಧಿಯಿತ್ತು, ‘ಕೆಲವು ದೂರದ ಪ್ರದೇಶಗಳಲ್ಲಿ ಪೊಲೀಸ್ ಉದ್ದೇಶಕ್ಕೆ ಹೊರತು’ ಎಂಬ ವಿನಾಯಿತಿಯೊಂದಿಗೆ. ಇತರ ದೇಶಗಳು ಈ ವಿನಾಯಿತಿಯನ್ನು ಎತ್ತಿ ಆಡಿದವು. ವಾಯುಯಾನ ಮಂತ್ರಿ ಲಾರ್ಡ್ ಲಂಡನ್‌ಡೆರಿ 1935ರಲ್ಲಿ, ಗಡಿಗಳಲ್ಲಾದರೂ ಬಾಂಬರ್ ಉಳಿಸಿಕೊಳ್ಳಲು ತಾನೆಷ್ಟು ಕಷ್ಟಪಟ್ಟೆನೆಂದು ಮೇಲ್ಮನೆಯಲ್ಲಿ ಹೇಳಿಕೊಂಡ. ಸಮ್ಮೇಳನ ಮುರಿದುಬಿದ್ದದ್ದಕ್ಕೆ ಜರ್ಮನಿ 1933ರಲ್ಲಿ ಹೊರನಡೆದದ್ದೂ ಸೇರಿ ಬೇರೆ ದೊಡ್ಡ ಕಾರಣಗಳಿದ್ದವು. ಆದರೂ ಆ ಒಂದು ಸಾಲಿನ ವಿನಾಯಿತಿ ಬ್ರಿಟನ್ನಿನ ಮಾತಿನ ತೂಕ ಇಳಿಸಿತು.

ಕೊನೆಗೆ ಇದು ಫಲಿಸಿತೇ?

ಯಾವುದನ್ನು ಫಲ ಎನ್ನುತ್ತೀರಿ ಎಂಬುದರ ಮೇಲೆ ನಿಂತಿದೆ. ಇರಾಕಿನ ಸೇನಾ ಖರ್ಚು ಕೆಲವೇ ವರ್ಷಗಳಲ್ಲಿ ಹಿಂದಿನದರ ಸಣ್ಣ ಭಾಗಕ್ಕೆ ಇಳಿಯಿತು. ಜನರನ್ನು, ಪಡೆಗಳನ್ನು ಸಾಗಿಸುವಲ್ಲಂತೂ ವಿಮಾನ ನಿಜವಾಗಿ ಬೆಲೆಬಾಳಿತು: 1923ರಲ್ಲಿ ಸಿಖ್ ಸಿಪಾಯಿಗಳನ್ನು ಕಿರ್ಕುಕ್‌ಗೆ ಇಳಿಸಿದ್ದು, 1928-29ರ ಚಳಿಗಾಲದಲ್ಲಿ ಅಂತರ್ಯುದ್ಧದ ಕಾಬೂಲಿನಿಂದ 586 ಜನರನ್ನು ಪೆಶಾವರಕ್ಕೆ ಕರೆತಂದದ್ದು. ದಂಡ ವಸೂಲಿಗೂ ಕೆಲಸ ಮಾಡಿತು. ಆದರೆ ಕುರ್ದರ ನಾಯಕ ಶೇಖ್ ಮಹಮೂದ್, ಸುಲೇಮಾನಿಯಾ ಪಟ್ಟಣದ ಮೇಲೆ 1923, 1924ರಲ್ಲಿ ಬಾಂಬು ಬಿದ್ದ ಮೇಲೂ 1931ರ ತನಕ ಮತ್ತೆ ಮತ್ತೆ ಎದ್ದ. ವಜೀರಿಸ್ತಾನದಲ್ಲಿ 1925ರಲ್ಲಿ ಮಣಿದವರ ನೆಲದಲ್ಲೇ 1937ರಲ್ಲಿ ಹತ್ತಾರು ಸಾವಿರ ಸೈನಿಕರು ಬೇಕಾದರು. ಬಾಂಬು ದಂಡ ಕಟ್ಟಿಸಿತು. ರಸ್ತೆ, ಶಾಲೆ, ನ್ಯಾಯಾಲಯಗಳಿಂದ ಬರುವ ಆಳ್ವಿಕೆಯನ್ನು ತರಲು ಅದಕ್ಕಾಗಲಿಲ್ಲ, ತರುವ ಒತ್ತಡವನ್ನೂ ಕಡಿಮೆ ಮಾಡಿತು. ನೆಲದ ಮೇಲೆ ಇಳಿಯದೆಯೇ ಆಳಬಹುದಾದರೆ ಇಳಿಯುವವರು ಯಾರು?

ಎರಡನೇ ಮಹಾಯುದ್ಧದ ನಂತರ?

ಕೆನ್ಯಾ, ಓಮಾನ್, ಮತ್ತೆ ಏಡನ್‌ನ ರದ್‌ಫಾನ್ ಬೆಟ್ಟಗಳು ಇದೇ ಪದ್ಧತಿಯ ಮುಂದುವರಿಕೆ ಕಂಡವು. ವಸಾಹತು ಅಲ್ಲದಿದ್ದರೂ 1966ರ ಮಾರ್ಚ್ 5ರ ಐಜಾಲ್ ದಾಳಿಯನ್ನು ಓದುಗರು ಪ್ರತಿ ಸಲ ಕೇಳುತ್ತಾರೆ. ಮಿಜೊ ನ್ಯಾಷನಲ್ ಫ್ರಂಟ್ ದಂಗೆಯೆದ್ದಾಗ ಭಾರತೀಯ ವಾಯುಪಡೆಯ ತೂಫಾನಿ ಮತ್ತು ಹಂಟರ್ ವಿಮಾನಗಳು ಐಜಾಲ್ ಪಟ್ಟಣದ ಮೇಲೆ ದಾಳಿ ನಡೆಸಿದವು. ಸ್ವಂತ ನಾಗರಿಕರ ಊರಿನ ಮೇಲೆ ವಾಯುದಾಳಿ, ಮಿಜೊರಾಂ ಅದನ್ನು ಇಂದಿಗೂ ಮರೆತಿಲ್ಲ. ವಜೀರಿಸ್ತಾನದ ಆಕಾಶಕ್ಕೆ 2004ರಲ್ಲಿ ಅಮೆರಿಕದ ಡ್ರೋನ್‌ಗಳು ಬಂದವು.

ಈ ಕಾಲದ ಸೇನಾ ವರದಿಗಳನ್ನು ಓದುವಾಗ ಏನನ್ನು ಗಮನಿಸಬೇಕು?

‘ನೈತಿಕ ಪರಿಣಾಮ’ ಎಂಬ ಮಾತು ಸಾಲುಸಾಲಾಗಿ ಬರುತ್ತದೆ. ನೀತಿಗೂ ಅದಕ್ಕೂ ಸಂಬಂಧವಿಲ್ಲ, ಜನರ ಎದೆಗುಂದಿಸುವುದು ಎಂದು ಓದಿಕೊಳ್ಳಿ. ‘ಫಲಿತಾಂಶ ತೃಪ್ತಿಕರ’ ಎಂದರೆ ಬಾಂಬು ಹಳ್ಳಿಯೊಳಗೆ ಬಿತ್ತು ಎಂದಷ್ಟೇ. ಹಾರಾಟದ ಗಂಟೆ, ಸುರಿದ ಬಾಂಬಿನ ತೂಕ, ಕೆಟ್ಟ ಎಂಜಿನ್‌ಗಳ ಸಂಖ್ಯೆ ಕರಾರುವಾಕ್ಕಾಗಿರುತ್ತದೆ. ಸತ್ತ ದನ, ಕುರಿಗಳ ಅಂದಾಜೂ ಹಲವು ಕಡೆ ಸಿಗುತ್ತದೆ. ಸತ್ತ ಮನುಷ್ಯರ ಅಂಕಿ ಇದ್ದರೆ ಅದು ಪೈಲಟ್ ಕಂಡದ್ದೋ, ಗೂಢಚಾರ ಹೇಳಿದ್ದೋ, ಸಂಧಾನಕ್ಕೆ ಬಂದ ಹಿರಿಯರು ಒಪ್ಪಿಕೊಂಡದ್ದೋ ಎಂದು ಮೂಲ ನೋಡಿ. ಹಿರಿಯರ ಲೆಕ್ಕದಲ್ಲಿ ಬಹುಮಟ್ಟಿಗೆ ಬಂದೂಕು ಹಿಡಿದ ಗಂಡಸರ ಹೆಸರಷ್ಟೇ ಇರುತ್ತಿತ್ತು. ಹೆಂಗಸರು, ಮಕ್ಕಳನ್ನು ತಿಳಿಯಬೇಕಾದರೆ ದಿವಾನಿಯಾದಂಥ ಆಸ್ಪತ್ರೆಗಳ ಕಡೆಗೆ, ಪೊಲಿಟಿಕಲ್ ಅಧಿಕಾರಿಗಳ ಖಾಸಗಿ ಪತ್ರಗಳ ಕಡೆಗೆ, ಮತ್ತು ಆ ಕಣಿವೆಗಳ ಜನ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಮಾತಿನ ಕಡೆಗೆ ತಿರುಗಬೇಕು.